ಡಾಕ್ಟರ್ ಕೊನೆಗೆ ಮಾತಾಡಲಿ

ಪಾರ್ಶ್ವವಾಯು ರೋಗಿಗಳ ವಾರ್ಡಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ನರರೋಗ ವೈದ್ಯರು, ನರ್ಸ್‌ಗಳು, ಸ್ಪೀಚ್ ಥೆರಪಿಸ್ಟ್, ಆಹಾರ ತಜ್ಞೆ, ಸಮಾಜ ಕಾರ್ಯಕರ್ತೆ ಎಲ್ಲರೂ ವಾರಕ್ಕೊಮ್ಮೆ ಸೇರುತ್ತೇವೆ. ಮೊದಲ ಕೆಲವು ವರ್ಷ ಡಾಕ್ಟರ್ ಹೇಳುತ್ತಿದ್ದರು, ಉಳಿದವರು ಬರೆದುಕೊಳ್ಳುತ್ತಿದ್ದೆವು. ಅದನ್ನೇ ಟೀಮ್ ಅಂದುಕೊಂಡಿದ್ದೆವು.

ಆಗೊಮ್ಮೆ ಒಬ್ಬ ರೋಗಿಗೆ ಜ್ವರ ಬಂತು, ಎಕ್ಸ್-ರೇ ತೆಗೆಸಿದರೆ ನ್ಯುಮೋನಿಯಾ. ಪಾರ್ಶ್ವವಾಯು ಆದವರಲ್ಲಿ ನುಂಗುವ ಶಕ್ತಿ ಕುಂದಿದರೆ ಕುಡಿದ ನೀರು ಶ್ವಾಸನಾಳಕ್ಕೆ ಇಳಿದು ಹೀಗಾಗಬಹುದು. ಕೆಲವರಿಗೆ ಕೆಮ್ಮೂ ಬರುವುದಿಲ್ಲ. ಆ ರೋಗಿಯ ಹಾಸಿಗೆ ಬದಲಿಸುತ್ತಿದ್ದ ಆಯಾ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಮೆಲ್ಲಗೆ ಹೇಳಿದರು: "ಮೇಡಂ, ನೀರು ಕುಡಿದ ಮೇಲೆ ಅವರ ದನಿ ಗೊರಗೊರ ಅಂತಿತ್ತು. ಮೂರು ದಿನದಿಂದ ನೋಡ್ತಿದ್ದೆ. ಯಾರಿಗೆ ಹೇಳೋದು ಅಂತ ಗೊತ್ತಾಗಲಿಲ್ಲ."

ಆ ಮೂರು ದಿನವೂ ನಾನು ಅದೇ ಹಾಸಿಗೆಯ ಪಕ್ಕ ನಿಂತು ಅವರ ಕೈಕಾಲು ಆಡಿಸಿದ್ದೆ. ಆಯಾ ಅವರನ್ನು ಒಂದು ಮಾತೂ ಕೇಳಿರಲಿಲ್ಲ. ರೋಗಿ ಚೇತರಿಸಿಕೊಂಡರು, ಆದರೆ ನಡಿಗೆಯ ಅಭ್ಯಾಸ ಎರಡು ವಾರ ನಿಂತುಹೋಯಿತು.

ಮುಂದಿನ ಮೀಟಿಂಗಿಗೆ ಹೆಡ್ ನರ್ಸ್ ಆಯಾ ಅವರನ್ನೂ ಕರೆತಂದರು. ರೋಗಿಯ ಪಕ್ಕ ಹೆಚ್ಚು ಹೊತ್ತು ಇರುವವರು ಮೊದಲು ಮಾತಾಡಲಿ, ಡಾಕ್ಟರ್ ಕೊನೆಗೆ ಅಂದರು. ಹಿರಿಯರು ಒಮ್ಮೆ ಅಭಿಪ್ರಾಯ ಹೇಳಿಬಿಟ್ಟರೆ ಉಳಿದವರ ಮಾತು ಅದಕ್ಕೆ ತಕ್ಕಂತೆ ಬಾಗುತ್ತದೆ. ಆದರೂ ಶುರುವಿನ ವಾರಗಳಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹೇಳಿದ್ದರಿಂದ ಏನಾಯಿತು ಅಂತ ಹೇಳಿದವರಿಗೇ ತಿಳಿಸತೊಡಗಿದ ಮೇಲೆ ಮಾತು ಹೊರಬಂತು. "ನೀವು ಹೇಳಿದ ಮೇಲೆ ನುಂಗುವ ಪರೀಕ್ಷೆ ಮತ್ತೆ ಮಾಡಿಸಿದೆವು, ಈಗ ಶ್ವಾಸನಾಳಕ್ಕೆ ಇಳಿಯದಂತೆ ನೀರನ್ನು ಮಂದ ಮಾಡಿ ಕೊಡ್ತಿದ್ದೇವೆ" ಎಂಬಷ್ಟು ಸಾಕಿತ್ತು. ನನ್ನ ಮಟ್ಟಿಗೆ ಟೀಮನ್ನು ಹಿಡಿದಿಟ್ಟಿದ್ದು ಇದೇ.

ಒಂದು ವರ್ಷದಲ್ಲಿ ನಮ್ಮ ತಪ್ಪುಗಳ ದಾಖಲೆ ಪುಸ್ತಕ ದಪ್ಪವಾಯಿತು, ಆಡಳಿತದವರು ಗಾಬರಿಯಾದರು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ನರ್ಸಿಂಗ್ ತಂಡಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ್ದೂ ಇದನ್ನೇ: ಚೆನ್ನಾಗಿ ನಡೆಯುತ್ತಿದ್ದ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು, ಏಕೆಂದರೆ ಅಲ್ಲಿನವರು ಹೆದರದೆ ಹೇಳುತ್ತಿದ್ದರು. ಇದನ್ನು ವಿವರಿಸಿದ ಮೇಲೆ ಪುಸ್ತಕ ಉಳಿಯಿತು.

ಆಮೇಲೆ ಜನ ಬದಲಾಗುತ್ತಾರೆ. ಅಂದು ಮೇಜಿನ ಸುತ್ತ ಇದ್ದವರಲ್ಲಿ ಅರ್ಧದಷ್ಟು ಜನ ಈಗಿಲ್ಲ. ಅದಕ್ಕೇ ಕಳೆದ ವಾರದ ತೀರ್ಮಾನಗಳನ್ನು, ಒಪ್ಪಿಕೊಂಡವರ ಹೆಸರಿನ ಸಮೇತ, ಮೊದಲು ಓದುತ್ತೇವೆ. ಹೊಸಬರು ಬಂದರೆ ಎಲ್ಲರೂ ಹೆಸರು, ಕೆಲಸ ಹೇಳಿಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟಿನಲ್ಲೂ ಕತ್ತಿ ಇಡುವ ಮುನ್ನ ಇದನ್ನು ಮಾಡಬೇಕೆಂದಿದೆ. ಒಮ್ಮೆ ತನ್ನ ಹೆಸರು ಹೇಳಿ ದನಿ ಎತ್ತಿದವರಿಗೆ ಎರಡನೇ ಸಲ ಮಾತಾಡುವುದು ಸುಲಭ.

ರಾತ್ರಿ ಪಾಳಿಯವರಿಗೆ ಮಾತ್ರ ಇನ್ನೂ ಮೀಟಿಂಗಿಗೆ ಬರಲಾಗುತ್ತಿಲ್ಲ. ಬೆಳಿಗ್ಗೆ ಡ್ಯೂಟಿ ಮುಗಿಸಿ ಹೊರಡುವಾಗ ಅವರು ಹೇಳಿದ್ದನ್ನು ಬರೆದುಕೊಂಡು ನಾನೇ ಮೀಟಿಂಗಿನಲ್ಲಿ ಓದುತ್ತೇನೆ. ಅದು ಸಾಲದು.