ಅಟ್ಟದ ಮೇಲಿನ ಎರಡು ಮೂಟೆ

ದಾವಣಗೆರೆಯ ನಮ್ಮ ಬಟ್ಟೆ ಅಂಗಡಿಯ ಅಟ್ಟದ ಮೇಲೆ, ಮೂರು ವರ್ಷದ ಹಿಂದಿನ ದೀಪಾವಳಿಗೆ ತರಿಸಿದ ಸಿದ್ಧ ಅಂಗಿಗಳ ಎರಡು ಮೂಟೆ ಇನ್ನೂ ಇವೆ. ಮೊನ್ನೆ ಒಂದನ್ನು ಬಿಚ್ಚಿದಾಗ ಮಡಿಕೆಯ ಗೆರೆಯುದ್ದಕ್ಕೂ ಬಣ್ಣ ಮಾಸಿತ್ತು. ಬಡ್ಡಿ ಕಟ್ಟುತ್ತ ಹಾಕಿದ ಬಂಡವಾಳ ಹೀಗಾದುದನ್ನು ಕಂಡು ಕರುಳು ಚುರುಕ್ಕೆಂದಿತು.

ಬೇಕಾದಾಗ ಬೇಕಾದಷ್ಟನ್ನೇ ತರಿಸುವ ಪದ್ಧತಿಯನ್ನು ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ರೂಢಿಗೆ ತಂದವರು ತೈಚಿ ಓನೊ. ಅಮೆರಿಕದ ಸೂಪರ್‌ಮಾರ್ಕೆಟ್ಟುಗಳಲ್ಲಿ ಗಿರಾಕಿ ಒಯ್ದಷ್ಟನ್ನೇ ಮತ್ತೆ ತುಂಬಿಡುವ ಕ್ರಮದಿಂದ ಪ್ರೇರಣೆ ಪಡೆದ ಅವರು, ಮುಂದಿನ ಹಂತದವರು ಬಳಸಿದಷ್ಟನ್ನೇ ಹಿಂದಿನ ಹಂತದವರು ತಯಾರಿಸುವಂತೆ 'ಕಾನ್‌ಬಾನ್' ಎಂಬ ಚೀಟಿಯ ವ್ಯವಸ್ಥೆಯನ್ನು ಬೆಳೆಸಿದರು. ನಮ್ಮೂರಿನ ಬೆಣ್ಣೆದೋಸೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ: ಹಿಟ್ಟು ಮೊದಲೇ ಸಿದ್ಧವಿರುತ್ತದೆ, ದೋಸೆ ಮಾತ್ರ ಗಿರಾಕಿ ಬಂದು ಕುಳಿತ ಮೇಲೆಯೇ ಕಾವಲಿಗೆ ಬೀಳುತ್ತದೆ.

ನಾನೂ ಈಗ ಬಟ್ಟೆಯ ಥಾನುಗಳನ್ನಷ್ಟೇ ಇಟ್ಟುಕೊಂಡು, ಅಳತೆ ಮತ್ತು ಮುಂಗಡ ಪಡೆದ ಮೇಲೆ ಹೊಲಿಸಿಕೊಡುತ್ತೇನೆ. ಹೆಚ್ಚಿನವರು ಒಂದು ವಾರ ಸಂತೋಷದಿಂದಲೇ ಕಾಯುತ್ತಾರೆ. ಆದರೆ "ನಾಳಿದ್ದು ಮದುವಿ ಐತ್ರಿ ಅಣ್ಣಾರ, ವಾರಗಟ್ಲೆ ಹೆಂಗ್ ಕಾಯ್ಲಿ?" ಎಂದು ಕೇಳಿದ ರೈತರೊಬ್ಬರನ್ನು ಬರಿಗೈಯಲ್ಲಿ ಕಳಿಸಿದ್ದು ಇಂದಿಗೂ ನೋಯಿಸುತ್ತದೆ. 2011ರ ಮಾರ್ಚ್‌ನ ಭೂಕಂಪ ಮತ್ತು ಸುನಾಮಿಯ ನಂತರ ಬಿಡಿಭಾಗಗಳು ಸಿಗದೆ ಜಪಾನಿನ ಕಾರು ಕಾರ್ಖಾನೆಗಳೇ ನಿಂತಿದ್ದವು. ಆದ್ದರಿಂದ ಬಿಳಿ ಅಂಗಿ, ಪಂಚೆ, ನೂಲು, ಗುಂಡಿಗಳನ್ನು ಮಾತ್ರ ನಾನು ಯಾವಾಗಲೂ ಒಂದು ತಿಂಗಳಿಗಾಗುವಷ್ಟು ಇಟ್ಟಿರುತ್ತೇನೆ.