ತಾರೀಖು ತಾಮ್ರದ ಫಲಕದ್ದು, ಕಾಗದದ್ದಲ್ಲ

ಹರಾಜಿನ ಕ್ಯಾಟಲಾಗ್ ಅಚ್ಚಿಗೆ ಹೋಗುವ ಸಂಜೆ. ಹದಿನೆಂಟನೇ ಶತಮಾನದ ಇಂಗ್ಲಿಷ್ ನಟಿ ಸಾರಾ ಸಿಡನ್ಸ್ ಅವರ ಸ್ಟಿಪಲ್ (ತಾಮ್ರದ ಫಲಕದ ಮೇಲೆ ಚುಕ್ಕಿಗಳಿಂದ ಕೆತ್ತಿ ಅಚ್ಚೊತ್ತಿದ) ಭಾವಚಿತ್ರವೊಂದನ್ನು ಲೈಟ್‌ಶೀಟ್ ಮೇಲಿಟ್ಟರೆ ಕಾಗದದೊಳಗಿನ ವಾಟರ್‌ಮಾರ್ಕಿನಲ್ಲಿ, ಅಂದರೆ ಬೆಳಕಿಗೆ ಹಿಡಿದಾಗ ಕಾಣುವ ಗುರುತಿನಲ್ಲಿ, ಕಾಗದ ತಯಾರಕ ವಾಟ್ಮನ್ ಹೆಸರಿನ ಪಕ್ಕದಲ್ಲೇ 1811. ಚಿತ್ರದಡಿಯ ಪ್ರಕಟಣೆಯ ಸಾಲಿನಲ್ಲಿ ಮಾತ್ರ 1780ರ ದಶಕ. ನಮ್ಮ ಸಾಫ್ಟ್‌ವೇರಿನಲ್ಲಿ ತಾರೀಖಿಗಿರುವುದು ಒಂದೇ ಖಾನೆ. ಸಾಲಿನಲ್ಲಿದ್ದ ವರ್ಷವೇ ಅಲ್ಲಿ ಕೂತಿತ್ತು. ಇನ್ನೊಂದು ಖಾನೆ ಕೇಳಿದರೆ ಮ್ಯಾನೇಜ್‌ಮೆಂಟಿನ ಉತ್ತರ, ‘ಮುಂದಿನ ಹಂತದಲ್ಲಿ ನೋಡೋಣ’. ಕೊನೆಗೆ ತಿದ್ದುಪಡಿ ಚೀಟಿ ಅಂಟಿಸಿಯೇ ಕಳಿಸಿದ್ದು.

ಆ ಸಾಲು ಇರುವುದು 1735ರ ಬ್ರಿಟಿಷ್ ಕಾಯ್ದೆಯ ದೆಸೆಯಿಂದ. ಚಿತ್ರದ ಮೇಲೆ ಕೃತಿಸ್ವಾಮ್ಯದ ಹಕ್ಕು ಬೇಕಾದರೆ ಒಡೆಯನ ಹೆಸರು, ಪ್ರಕಟಣೆಯ ದಿನ ಫಲಕದ ಮೇಲೆಯೇ ಕೆತ್ತಬೇಕಿತ್ತು. ಫಲಕ ಕೈಬದಲಾಗಿ ದಶಕಗಳ ನಂತರ ಮತ್ತೆ ಅಚ್ಚಾದರೂ ಹಳೇ ತಾರೀಖು ಹಾಗೇ ಉಳಿಯಬಹುದು. ಇಂಗ್ಲೆಂಡಿನ ಕಾಗದದಲ್ಲಿ ವರ್ಷ ಹಾಕುವುದು ರೂಢಿಯಾದದ್ದು 1794ರಿಂದೀಚೆಗೆ. ವಾಟರ್‌ಮಾರ್ಕಿನ ವರ್ಷಕ್ಕಿಂತ ಮೊದಲು ಅಚ್ಚಾಗಿರಲಾರದು, ಅಷ್ಟೇ. ಆಮೇಲೆ ಎಂದಾದರೂ ಆಗಿರಬಹುದು. ವರ್ಷವೇ ಕಾಣದಿದ್ದರೆ ಹಳೆಯದೆಂದು ಹಿಗ್ಗಬೇಡಿ, ಆ ಭಾಗ ಕತ್ತರಿಸಿ ಹೋಗಿರಬಹುದು.

ವಾಟರ್‌ಮಾರ್ಕ್ ಇಲ್ಲದಾಗ ಫಲಕದ ಸವಕಳಿ ನೋಡಬೇಕು. ಚಿತ್ರಕಾರ ರೆನಾಲ್ಡ್ಸ್ 1784ರಲ್ಲಿ ಸಿಡನ್ಸ್ ಅವರನ್ನು ದುರಂತ ನಾಟಕದ ದೇವಿಯಾಗಿ ಬರೆದ ಚಿತ್ರವನ್ನು ಫ್ರಾನ್ಸಿಸ್ ಹೇವರ್ಡ್ 1787ರಲ್ಲಿ ಸ್ಟಿಪಲ್‌ಗೆ ಇಳಿಸಿದರು. ಸ್ಟಿಪಲ್‌ನಲ್ಲಿ ಮೊದಲು ಸವೆಯುವುದು ಕೆನ್ನೆ, ಕತ್ತಿನ ಆಳವಿಲ್ಲದ ಚುಕ್ಕಿಗಳು: ಮುಖ ಬೋಳಾಗಿ ಬಿಳಿಚುತ್ತದೆ, ಕೂದಲು ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಇನ್ನೊಬ್ಬ ನಟಿ ಮೇರಿ ರಾಬಿನ್ಸನ್ ಅವರನ್ನು ಡಿಕಿನ್ಸನ್ ಕೆತ್ತಿದ್ದು ಮೆಜ್ಜೋಟಿಂಟ್ ಎಂಬ ಬೇರೆ ವಿಧಾನದಲ್ಲಿ. ಅಲ್ಲಿ ಎದ್ದು ನಿಂತ ತಾಮ್ರದ ಮುಳ್ಳುಗಳೇ ಶಾಯಿ ಹಿಡಿಯುವುದು. ಕೆಲವು ನೂರು ಪ್ರತಿಯೊಳಗೇ ಮಖಮಲ್ಲಿನಂಥ ಕಪ್ಪು ಬೂದಿಯಾಗುತ್ತದೆ.

ಬಣ್ಣದ ಪ್ರತಿಯಾದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಭೂತಗನ್ನಡಿ) ಸಾಕು. ಫಲಕಕ್ಕೇ ಬಣ್ಣ ಹಚ್ಚಿ ಅಚ್ಚೊತ್ತಿದ್ದರೆ ಚುಕ್ಕಿಯೇ ಬಣ್ಣದ್ದು, ನಡುವಿನ ಕಾಗದ ಬಿಳಿ. ಚುಕ್ಕಿಯನ್ನೂ ಕಾಗದವನ್ನೂ ಒಟ್ಟಿಗೆ ಮುಚ್ಚಿದ್ದರೆ ಕುಂಚದ ಕೆಲಸ, ಅದನ್ನು ಯಾರು ಯಾವಾಗ ಬೇಕಾದರೂ ಮಾಡಿರಬಹುದು.

ದೊಡ್ಡ ತಲೆನೋವು ಪುಸ್ತಕಕ್ಕೆ ಅಂಟಿಸಲು ಕತ್ತರಿಸಿದ ಪ್ರತಿಗಳದು. ಫಲಕದ ಅಂಚು ಕಾಗದದಲ್ಲಿ ಒತ್ತಿದ ಗುರುತಾದ ಪ್ಲೇಟ್‌ಮಾರ್ಕೂ ಇಲ್ಲ, ಪ್ರಕಟಣೆಯ ಸಾಲೂ ಇಲ್ಲ. ಆಗ ಚಿತ್ರದ ಅಳತೆಯನ್ನು ಮಿಲಿಮೀಟರಿನಲ್ಲಿ ಎತ್ತರ, ಅಗಲ ಎಂದೇ ಬರೆದು, ಬ್ರಿಟಿಷ್ ಮ್ಯೂಸಿಯಮ್ಮಿನ ಪೂರ್ಣ ಪ್ರತಿಯೊಂದಿಗೆ ಹೋಲಿಸಿ, ‘ಪ್ಲೇಟ್‌ಮಾರ್ಕಿನ ಒಳಗೆ ಕತ್ತರಿಸಿದೆ’ ಎಂದು ಷರಾದಲ್ಲಿ ಹಾಕುತ್ತೇವೆ. ಚಿತ್ರದಡಿಯ ಪಾತ್ರದ ಹೆಸರನ್ನೂ ಕಣ್ಣುಮುಚ್ಚಿ ನಕಲಿಸುವಂತಿಲ್ಲ: ಜಾನ್ ಬೆಲ್ ಹೊರತಂದ ನಾಟಕಮಾಲೆಯಲ್ಲಿ ನಟನಟಿಯರನ್ನು ಅವರು ರಂಗದ ಮೇಲೆ ಆಡದ ಪಾತ್ರಗಳಲ್ಲೂ ತೋರಿಸಿದ್ದಾರೆ. ಆ ಕಾಲದ ನಾಟಕದ ಕರಪತ್ರ ಸಿಗುವವರೆಗೆ ‘ಶೀರ್ಷಿಕೆಯ ಪ್ರಕಾರ’ ಎಂದು ಸೇರಿಸಿ.