ಡಿಪಿ ತೆಗೆದ ಹುಡುಗ

ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಮಕ್ಕಳ ಹತ್ತಿರ ನನ್ನ ನಂಬರ್ ಇದೆ, ಹಾಗಾಗಿ ಅವರ ವಾಟ್ಸಾಪ್ ಸ್ಟೇಟಸ್ ನನಗೂ ಕಾಣುತ್ತದೆ. ಹುಟ್ಟುಹಬ್ಬ, ಬೈಕು, ಸಿನಿಮಾ ಹಾಡು. ಬಹಳ ದಿನ ಸುಮ್ನೆ ನೋಡಿ ಬಿಟ್ಟುಬಿಡುತ್ತಿದ್ದೆ.

ಮೂರು ವರ್ಷದ ಹಿಂದೆ ಒಬ್ಬ ಹುಡುಗ ಡಿಪಿ ತೆಗೆದುಬಿಟ್ಟ. ಸ್ಟೇಟಸ್‌ನಲ್ಲಿ ಬರೀ ಕಪ್ಪು, ಮೇಲೆ ‘ಎಲ್ಲರಿಗೂ ಭಾರ ಆಗಿದ್ದೀನಿ’ ಅಂತ ಒಂದು ಸಾಲು. ಹಾಕಿದ್ದು ರಾತ್ರಿ ಎರಡೂವರೆಗೆ. ಬೆಳಗ್ಗೆ ನೋಡಿ ನನಗೆ ಕೈಕಾಲೇ ಆಡಲಿಲ್ಲ. ಗಾಬರಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದು ಸ್ಟಾಫ್ ಗ್ರೂಪ್‌ಗೆ ಹಾಕಿದೆ. ಮಧ್ಯಾಹ್ನದೊಳಗೆ ಅದು ಅವನ ಅಪ್ಪನ ಫೋನಿಗೂ ಹೋಗಿತ್ತು, ಕ್ಲಾಸಿನವರ ಬಾಯಿಗೂ ಬಿದ್ದಿತ್ತು. ಅವನು ಈಗ ಚೆನ್ನಾಗಿದ್ದಾನೆ. ಆದರೆ ಅವತ್ತಿನಿಂದ ಅವನ ಸ್ಟೇಟಸ್ ನನಗೆ ಕಾಣಲಿಲ್ಲ. ನನಗೊಬ್ಬಳಿಗೆ ಕಾಣದ ಹಾಗೆ ಮಾಡಿಕೊಂಡಿದ್ದ. ಅವನನ್ನು ಒಂದು ಮಾತು ಕೇಳದೆ ನಾನು ಊರಿಗೆಲ್ಲ ಹೇಳಿದ್ದೆ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆಮೇಲೆ ನೋಡುವ ರೀತಿ ಬದಲಾಯಿತು. ಅಳುವ ಹಾಡು ಹಾಕಿದವರೆಲ್ಲ ಕಷ್ಟದಲ್ಲಿರುವುದಿಲ್ಲ. ದಿನಾ ಏನಾದರೂ ಹಾಕುವವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ, ಗ್ರೂಪ್‌ಗಳಿಂದ ಹೊರಗೆ ಹೋದರೆ, ಕಾರಣವಿಲ್ಲದೆ ಎಲ್ಲರ ಹತ್ತಿರ ಕ್ಷಮೆ ಕೇಳಿದರೆ, ಆಗ ನಾನು ಫೋನ್ ಮಾಡುತ್ತೇನೆ. ಎಮೋಜಿ ಕಳಿಸುವುದಿಲ್ಲ, ‘ಧೈರ್ಯವಾಗಿರು’ ಅನ್ನುವುದೂ ಇಲ್ಲ.

ಹೋದ ವರ್ಷ ದಿನಾ ರಂಗೋಲಿ ಫೋಟೋ ಹಾಕುತ್ತಿದ್ದ ಹುಡುಗಿ ಕ್ಲಾಸ್ ಗ್ರೂಪ್ ಬಿಟ್ಟಳು. ರಾತ್ರಿ ಫೋನ್ ಮಾಡಿ, ‘ಊಟ ಆಯ್ತಾಮ್ಮಾ?’ ಅಂದೆ. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ನೇರವಾಗಿಯೇ ಕೇಳಿದೆ: ‘ಸಾಯಬೇಕು ಅಂತ ಏನಾದ್ರೂ ಅನ್ನಿಸ್ತಿದೆಯಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗೆ ಅಂತ ಜಾಸ್ತಿ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳುವವರು ಒಬ್ಬರಿದ್ದಾರೆ ಅಂತ ಮನಸ್ಸು ಹಗುರಾಗುತ್ತದೆ. ಅವಳು ತುಂಬಾ ಹೊತ್ತು ಅತ್ತಳು. ನಾನು ಬುದ್ಧಿ ಹೇಳಲಿಲ್ಲ, ಕೇಳಿಸಿಕೊಂಡೆ.

‘ಇದನ್ನ ನಾನೊಬ್ಬಳೇ ಇಟ್ಕೊಳ್ಳೋಕಾಗಲ್ಲ, ಮನೆಯಲ್ಲಿ ಯಾರಿಗೆ ಹೇಳೋಣ?’ ಅಂದೆ. ‘ಚಿಕ್ಕಮ್ಮಂಗೆ’ ಅಂದಳು. ಚಿಕ್ಕಮ್ಮ ಆ ರಾತ್ರಿಯೇ ಬಂದು ಪಕ್ಕದಲ್ಲಿ ಮಲಗಿದರು. ಅದಕ್ಕೆ ಮೊದಲು ಕಾನ್ಫರೆನ್ಸ್ ಕಾಲ್‌ನಲ್ಲಿ ಮೂವರೂ 14416ಕ್ಕೆ ಮಾತಾಡಿದೆವು. ಅದು ಟೆಲಿ ಮಾನಸ್, 2022ರಲ್ಲಿ ಸರ್ಕಾರ ಶುರು ಮಾಡಿದ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಆಗಲೇ ಅಪಾಯ ಅನ್ನಿಸಿದರೆ ಮಾತ್ರ ಒಪ್ಪಿಗೆಗೆ ಕಾಯಬಾರದು. ಮನೆಯವರಿಗೂ ತುರ್ತು ಸಹಾಯದ ನಂಬರ್ 112ಕ್ಕೂ ಫೋನ್ ಮಾಡಲೇಬೇಕು. ಇನ್‌ಸ್ಟಾಗ್ರಾಂನಲ್ಲಿ ಗುರುತಿಲ್ಲದವರು ಹೀಗೆ ಬರೆದಿದ್ದರೆ ಆ ಪೋಸ್ಟ್ ರಿಪೋರ್ಟ್ ಮಾಡಿ. ಯಾರು ಮಾಡಿದ್ದು ಅಂತ ಅವರಿಗೆ ತೋರಿಸುವುದಿಲ್ಲ.

ಫೋನ್ ಇಡುವಾಗ, ‘ಬೆಳಗ್ಗೆ ಎದ್ದ ಕೂಡಲೇ ಒಂದು ಮೆಸೇಜ್ ಹಾಕು’ ಅಂದಿದ್ದೆ. ಆರೂವರೆಗೆ ಬಂತು: ‘ಎದ್ದೆ ಮೇಡಂ.’ ಪರೀಕ್ಷೆ ಮುಗಿಯುವವರೆಗೂ ದಿನಾ ಬರುತ್ತಿತ್ತು.